ನೌಕರಿಯೊಡನೆ ಸ್ವತಂತ್ರ ವೃತ್ತಿ: ನೋಂದಣಿ ಎಲ್ಲಿ, ತೆರಿಗೆ ಎಷ್ಟು?

ವೇತನಕ್ಕೆ ದುಡಿಯುತ್ತಲೇ ಬಿಡುವಿನ ವೇಳೆಯಲ್ಲಿ ಬೇರೆಯವರಿಗೆ ಯಂತ್ರವಿನ್ಯಾಸ, ಲೆಕ್ಕಪತ್ರ, ಸಾಫ್ಟ್‌ವೇರ್ ಮುಂತಾದ ಕೆಲಸ ಮಾಡಿಕೊಟ್ಟು ಶುಲ್ಕ ಪಡೆಯುವವರು ಇಂದು ವಿರಳವಲ್ಲ. ಪೂರ್ಣಾವಧಿ ತಜ್ಞರನ್ನು ನೇಮಿಸಿಕೊಳ್ಳಲಾಗದ ಸಣ್ಣ ಕೈಗಾರಿಕೆಗಳಿಗೂ ವರ್ತಕರಿಗೂ ಇಂಥವರ ಸೇವೆ ಅನಿವಾರ್ಯವಾಗಿದೆ. ಇವರು ಎಲ್ಲಿ ನೋಂದಾಯಿಸಿಕೊಳ್ಳಬೇಕೆಂಬ ಪ್ರಶ್ನೆ ಎರಡೂ ಕಡೆಯವರನ್ನು ಕಾಡುತ್ತದೆ. ಬ್ರಿಟನ್ನಿನಂಥ ದೇಶಗಳಲ್ಲಿ ಸ್ವಯಂ ಉದ್ಯೋಗದ ಆದಾಯ ನಿಗದಿತ ಮಿತಿ ದಾಟಿದರೆ ತೆರಿಗೆ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು. ಭಾರತದಲ್ಲಿ ಆದಾಯ ತೆರಿಗೆಯ ಮಟ್ಟಿಗೆ ಅಂಥ ಪ್ರತ್ಯೇಕ ನೋಂದಣಿ ಇಲ್ಲ. ಇರುವ ಪ್ಯಾನ್ ಸಂಖ್ಯೆಯೇ ಎರಡೂ ಆದಾಯಗಳಿಗೆ ಸಾಕು. ತೊಡಕಿರುವುದು ನೋಂದಣಿಯಲ್ಲಲ್ಲ, ಲೆಕ್ಕದಲ್ಲಿ.

ಮೊದಲು ನೋಡಬೇಕಾದುದು ನೇಮಕಾತಿ ಪತ್ರವನ್ನು. ಬೇರೆ ಕೆಲಸ ಮಾಡಕೂಡದೆಂಬ ಷರತ್ತು ಅದರಲ್ಲಿದ್ದರೆ ಮಾಲೀಕರ ಲಿಖಿತ ಅನುಮತಿ ಅಗತ್ಯ. 2022ರಲ್ಲಿ ಬೆಂಗಳೂರಿನ ದೊಡ್ಡ ಸಾಫ್ಟ್‌ವೇರ್ ಸಂಸ್ಥೆಯೊಂದು ಇದೇ ಕಾರಣಕ್ಕೆ 300 ನೌಕರರನ್ನು ಕೆಲಸದಿಂದ ತೆಗೆದುದು ದೊಡ್ಡ ಸುದ್ದಿಯಾಗಿತ್ತು. ಸರ್ಕಾರಿ ನೌಕರರಿಗಂತೂ ನಡತೆ ನಿಯಮಗಳ ಕಟ್ಟುಪಾಡಿದೆ. ತೆರಿಗೆ ಸಲ್ಲಿಸಿದ ಮಾತ್ರಕ್ಕೆ ಕರಾರಿನ ಉಲ್ಲಂಘನೆ ಸಕ್ರಮವಾಗುವುದಿಲ್ಲ.

ಇನ್ನು ಆದಾಯ ತೆರಿಗೆ. ಮಾಸಿಕ 90,000 ರೂ. ವೇತನದ ಮೆಕ್ಯಾನಿಕಲ್ ಇಂಜಿನಿಯರೊಬ್ಬರು 2025-26ನೇ ಸಾಲಿನಲ್ಲಿ ಇತರ ಘಟಕಗಳಿಗೆ ಜಿಗ್, ಫಿಕ್ಸ್ಚರ್ ವಿನ್ಯಾಸ ಮಾಡಿಕೊಟ್ಟು 6 ಲಕ್ಷ ರೂ. ಶುಲ್ಕ ಪಡೆದ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ವಾರ್ಷಿಕ ವೇತನ 10,80,000 ರೂ.; 75,000 ರೂ. ಪ್ರಮಾಣಿತ ಕಡಿತದ ನಂತರ 10,05,000 ರೂ. ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗೆ ಪೂರ್ಣ ರಿಯಾಯಿತಿ ಇರುವುದರಿಂದ ಮಾಲೀಕರು ಒಂದು ರೂಪಾಯಿಯನ್ನೂ ಕಡಿತ ಮಾಡಿರುವುದಿಲ್ಲ. ವಿನ್ಯಾಸದ ಶುಲ್ಕಕ್ಕೆ 1961ರ ಆದಾಯ ತೆರಿಗೆ ಕಾಯ್ದೆಯ ಕಲಂ 44ಎಡಿಎ ಪ್ರಕಾರ ಅರ್ಧ ಭಾಗವನ್ನು, ಅಂದರೆ 3 ಲಕ್ಷವನ್ನು, ಲಾಭವೆಂದು ಘೋಷಿಸಿದರೂ ಒಟ್ಟು ಆದಾಯ 13,05,000 ರೂ. ಆಗುತ್ತದೆ. 12 ಲಕ್ಷದ ಗೆರೆ ದಾಟಿದೊಡನೆ ರಿಯಾಯಿತಿ ತಪ್ಪುತ್ತದೆ. ಗೆರೆಯನ್ನು ಅಲ್ಪ ಮೊತ್ತದಿಂದ ದಾಟಿದವರಿಗೆ ಇರುವ ಪರಿಹಾರ ಈ ಮೊತ್ತಕ್ಕೆ ದೊರೆಯದು. ತೆರಿಗೆ 75,750 ರೂ., ಶೇ. 4ರ ಸೆಸ್ ಸೇರಿ 78,780 ರೂ.! ಗ್ರಾಹಕರೆಲ್ಲರೂ ಶೇ. 10ರಂತೆ ಮೂಲದಲ್ಲಿ ಕಡಿತ ಮಾಡಿದ್ದರೆ 60,000 ರೂ. ಜಮೆ ಇರುತ್ತದೆ, ಉಳಿದ 18,780 ರೂ. 10,000ಕ್ಕಿಂತ ಹೆಚ್ಚಿರುವುದರಿಂದ ಮಾರ್ಚ್ 15ರೊಳಗೆ ಮುಂಗಡ ತೆರಿಗೆಯಾಗಿ ಪಾವತಿಸಬೇಕು. ತಪ್ಪಿದರೆ ಬಡ್ಡಿ. ಈ ಆದಾಯವನ್ನು ಮಾಲೀಕರಿಗೆ ತಿಳಿಸಿ ವೇತನದಲ್ಲೇ ತೆರಿಗೆ ಕಡಿತ ಮಾಡಿಸಲೂ ಬರುತ್ತದೆ; ಅನುಮತಿ ಪಡೆದವರಿಗೆ ಇದೇ ಸುಲಭ.

ಸದರಿ ಕಲಂನ ಸೌಲಭ್ಯ ಇಂಜಿನಿಯರಿಂಗ್, ಲೆಕ್ಕಶಾಸ್ತ್ರ, ವೈದ್ಯಕೀಯ, ಕಾನೂನು, ತಾಂತ್ರಿಕ ಸಲಹೆ ಮೊದಲಾದ ನಿರ್ದಿಷ್ಟ ವೃತ್ತಿಗಳಿಗೆ ಮಾತ್ರ. ಒಟ್ಟು ಶುಲ್ಕದ ಮಿತಿ 50 ಲಕ್ಷ. ನಗದು ಸ್ವೀಕೃತಿ ಶೇ. 5ನ್ನು ಮೀರದಿದ್ದರೆ 75 ಲಕ್ಷ. ಇಂಥವರು ವೇತನದಾರರ ಸರಳ ನಮೂನೆ ಐಟಿಆರ್-1ನ್ನು ಸಲ್ಲಿಸುವಂತಿಲ್ಲ. ಐಟಿಆರ್-4 ಅಥವಾ 3 ಬೇಕು. ಶುಲ್ಕವನ್ನು 'ಇತರ ಮೂಲಗಳ ಆದಾಯ' ಎಂದು ತೋರಿಸಿ ಐಟಿಆರ್-1ರಲ್ಲೇ ಮುಗಿಸುವ ರೂಢಿ ತಪ್ಪು. 1961ರ ಕಾಯ್ದೆಯ ಸ್ಥಾನದಲ್ಲಿ 2025ರ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಬರುವುದರಿಂದ ನಂತರದ ಅವಧಿಗೆ ಕಲಂ ಸಂಖ್ಯೆಗಳು ಬೇರೆ.

ಹೆಚ್ಚಿನವರ ಗಮನಕ್ಕೆ ಬಾರದ ಸಂಗತಿ ಇನ್ನೊಂದಿದೆ. ವೇತನ ಮಾತ್ರ ಇರುವವರು ಹಳೆಯ, ಹೊಸ ಪದ್ಧತಿಗಳಲ್ಲಿ ಒಂದನ್ನು ಪ್ರತಿ ವರ್ಷ ಆಯ್ದುಕೊಳ್ಳಬಹುದು. ವೃತ್ತಿಯ ಆದಾಯ ಸೇರಿದೊಡನೆ ಆ ಸ್ವಾತಂತ್ರ್ಯ ಹೋಗುತ್ತದೆ. ಹಳೆಯ ಪದ್ಧತಿ ಬೇಕಾದರೆ ಗಡುವಿನೊಳಗೆ ಪ್ರತ್ಯೇಕ ನಮೂನೆ ಸಲ್ಲಿಸಬೇಕು. ಬಳಿಕ ಹೊಸ ಪದ್ಧತಿಗೆ ಒಮ್ಮೆ ಮರಳಿದರೆ, ವೃತ್ತಿಯ ಆದಾಯ ಇರುವವರೆಗೆ ಹಳೆಯದಕ್ಕೆ ದಾರಿಯಿಲ್ಲ. ಗೃಹಸಾಲದ ಬಡ್ಡಿಯನ್ನು ನಂಬಿ ಹಳೆಯ ಪದ್ಧತಿಯಲ್ಲಿರುವವರು ಮೊದಲ ಬಿಲ್ಲು ಬರೆಯುವ ಮುನ್ನವೇ ಇದನ್ನು ಲೆಕ್ಕ ಹಾಕುವುದು ಲೇಸು.

ಜಿ.ಎಸ್.ಟಿ. ನೋಂದಣಿ ಕರ್ನಾಟಕದಲ್ಲಿ ಸೇವೆಗಳಿಗೆ ವಾರ್ಷಿಕ ವಹಿವಾಟು 20 ಲಕ್ಷ ದಾಟಿದರೆ ಕಡ್ಡಾಯ. ನೌಕರನು ಮಾಲೀಕನಿಗೆ ಸಲ್ಲಿಸುವ ಸೇವೆ ತೆರಿಗೆಯ ವ್ಯಾಪ್ತಿಗೇ ಬಾರದ ಕಾರಣ ವೇತನ ಈ ಮಿತಿಗೆ ಸೇರದು; ಬಾಡಿಗೆಗೆ ಕೊಟ್ಟ ಮಳಿಗೆಯ ಬಾಡಿಗೆ ಸೇರುತ್ತದೆ. ಹೊರರಾಜ್ಯದ ಗ್ರಾಹಕರಿಗೆ ಸೇವೆ ನೀಡಿದರೂ 2017ರ ಅಕ್ಟೋಬರ್‌ನ ಅಧಿಸೂಚನೆಯಿಂದ ಇದೇ ಮಿತಿ ಅನ್ವಯಿಸುತ್ತದೆ. 'ಜಿ.ಎಸ್.ಟಿ. ಸಂಖ್ಯೆ ಇಲ್ಲದಿದ್ದರೆ ಬಿಲ್ಲು ಪಾಸಾಗದು' ಎಂದು ಹಟ ಹಿಡಿಯುವ ವರ್ತಕರು ಸಣ್ಣ ವೃತ್ತಿಗಾರನನ್ನು ನಿಷ್ಕಾರಣವಾಗಿ ಪೀಡಿಸಿದಂತೆ. ತೆರಿಗೆಯನ್ನೇ ವಿಧಿಸದ ಬಿಲ್ಲಿನಲ್ಲಿ ಕಳೆದುಕೊಳ್ಳುವ ಹೂಡುವಳಿ ಜಮೆ ಯಾವುದು?

ಕೆಲಸ ಮಾಡಿಸಿಕೊಳ್ಳುವವರ ಹೊಣೆಯೂ ಸಣ್ಣದಲ್ಲ. ಕಂಪನಿ ಹಾಗೂ ಪಾಲುದಾರಿಕೆ ಸಂಸ್ಥೆಗಳು ಒಬ್ಬರಿಗೆ ವರ್ಷಕ್ಕೆ 50,000 ರೂ. ಮೀರಿ ವೃತ್ತಿ ಶುಲ್ಕ ಕೊಟ್ಟರೆ ಟಿಡಿಎಸ್ ಕಡಿತ ಮಾಡಬೇಕು. ಏಕಮಾಲೀಕತ್ವದ ವರ್ತಕರಿಗೆ ಹಿಂದಿನ ವರ್ಷದ ವಹಿವಾಟು 1 ಕೋಟಿ ಮೀರಿದ್ದರೆ ಇದು ಅನ್ವಯ. ಕಡಿತ ಮಾಡದಿದ್ದರೆ ಆ ವೆಚ್ಚದ ಶೇ. 30 ಭಾಗವನ್ನು ಅಧಿಕಾರಿಗಳು ಒಪ್ಪುವುದಿಲ್ಲ. ಅಲ್ಲದೆ ವೃತ್ತಿಗಾರನು ಶುಲ್ಕವಿಲ್ಲದೆ ದೊರೆಯುವ ಉದ್ಯಮ್ ನೋಂದಣಿ ಪಡೆದು ಅತಿಸಣ್ಣ ಉದ್ಯಮವೆನಿಸಿದ್ದರೆ, ಲಿಖಿತ ಕರಾರಿಲ್ಲದಾಗ 15 ದಿನ, ಇದ್ದಾಗ ಹೆಚ್ಚೆಂದರೆ 45 ದಿನದೊಳಗೆ ಹಣ ಪಾವತಿಯಾಗಬೇಕು. ಗಡುವು ಮೀರಿದ ಬಾಕಿಯನ್ನು ಪಾವತಿಸಿದ ವರ್ಷದಲ್ಲಿ ಮಾತ್ರ ವೆಚ್ಚವೆಂದು ತೋರಿಸಬಹುದು. ಭವಿಷ್ಯನಿಧಿಯ ವಂತಿಗೆ ಉಳಿಸಲು ತಮ್ಮದೇ ನೌಕರನ ಸಂಬಳವನ್ನು ಒಡೆದು ಅರ್ಧವನ್ನು 'ಸಲಹಾ ಶುಲ್ಕ' ಎಂದು ಬರೆಯುವವರೂ ಇದ್ದಾರೆ. ಒಂದೇ ಮೇಜು, ಒಂದೇ ಹಾಜರಿ ಪುಸ್ತಕ, ಒಬ್ಬನೇ ಮೇಲ್ವಿಚಾರಕ ಇರುವಲ್ಲಿ ಹೆಸರು ಬದಲಿಸಿದರೆ ಸಂಬಂಧ ಬದಲಾಗದು. ತಪಾಸಣೆಯಲ್ಲಿ ಅದು ವೇತನವೇ ಎಂದು ನಿರ್ಣಯವಾದರೆ ಹಿಂದಿನ ವರ್ಷಗಳ ವಂತಿಗೆಯನ್ನು ಬಡ್ಡಿ, ದಂಡಗಳ ಸಮೇತ ತೆರಬೇಕಾದವರು ಮಾಲೀಕರೇ.