ಡಾಕ್ಟರ್ ಓದಿಗೆ ಯಾವ ಕಾಲೇಜು?



ಕಲ್ಮಲದ ಸುತ್ತಿನ ಹಳ್ಳಿಗಳ ಮಕ್ಕಳೂ ಈಗ ನೀಟ್ ಪರೀಕ್ಷೆ ಬರೆಯುತ್ತಾರೆ. ಎರಡು ಮೂರು ಕಡೆ ಸೀಟು ಸಿಗುವಂತಿದ್ದರೆ ಯಾವುದನ್ನು ಆರಿಸಬೇಕು? ಎತ್ತು ಕೊಳ್ಳುವಾಗ ಕೊಂಬಿನ ಅಂದಕ್ಕೆ ಮರುಳಾಗದೆ ಹಲ್ಲು, ನಡಿಗೆ ನೋಡುತ್ತೀರಲ್ಲವೇ? ಇಲ್ಲಿಯೂ ಹಾಗೆಯೇ ಮಾಡಿರಿ.

1. ಪೂರ್ತಿ ಖರ್ಚು ಲೆಕ್ಕ ಹಾಕಿರಿ. ಎಂ.ಬಿ.ಬಿ.ಎಸ್. ಓದು ನಾಲ್ಕೂವರೆ ವರ್ಷ. ಆಮೇಲೆ ಆಸ್ಪತ್ರೆಯಲ್ಲಿ ಒಂದು ವರ್ಷದ ತರಬೇತಿ. ಖಾಸಗಿ ಕಾಲೇಜಿನಲ್ಲಿ ಸರ್ಕಾರಿ ಕೋಟಾಕ್ಕೆ ಒಂದು ಶುಲ್ಕ, ಖಾಸಗಿ ಕೋಟಾಕ್ಕೆ ಅದರ ಹಲವು ಪಟ್ಟು. ಪಾಠ ಮಾತ್ರ ಒಂದೇ.

2. ಹತ್ತಿರದ್ದನ್ನು ಹಗುರವಾಗಿ ಕಾಣಬೇಡಿರಿ. ರಾಯಚೂರಿನಲ್ಲಿ 2007ರಲ್ಲಿ ಆರಂಭವಾದ ಸರ್ಕಾರಿ ರಿಮ್ಸ್ ಇದೆ. ಖಾಸಗಿ ನವೋದಯ ಕಾಲೇಜೂ ಇದೆ. ದೂರದ ಊರಿನ ಹೆಸರಿಗಾಗಿ ಹೊಲ ಮಾರಬೇಡಿರಿ.

3. ಕಾಲೇಜಿನ ಆಸ್ಪತ್ರೆಗೆ ಹೋಗಿ ನೋಡಿರಿ. ರೋಗಿಗಳು ತುಂಬಿದ ವಾರ್ಡಿನಲ್ಲಿಯೇ ವಿದ್ಯಾರ್ಥಿಯ ಕೈ ಪಳಗುವುದು.

4. 371ಜೆ ಪ್ರಮಾಣಪತ್ರವನ್ನು ಉಪವಿಭಾಗಾಧಿಕಾರಿಗಳ ಕಚೇರಿಯಿಂದ ಮೊದಲೇ ಪಡೆಯಿರಿ. ಕಲ್ಯಾಣ ಕರ್ನಾಟಕದ ಸರ್ಕಾರಿ ಕಾಲೇಜುಗಳಲ್ಲಿ ರಾಜ್ಯ ಹಂಚುವ ಸೀಟುಗಳ ಪೈಕಿ ನೂರಕ್ಕೆ 70 ಈ ಭಾಗದವರಿಗೆ ಮೀಸಲು.

5. ಪರೀಕ್ಷಾ ಪ್ರಾಧಿಕಾರಕ್ಕೆ ಕೊಡುವ ಪಟ್ಟಿಯಲ್ಲಿ ನಿಮಗೆ ಹೆಚ್ಚು ಬೇಕಾದ ಕಾಲೇಜನ್ನೇ ಮೇಲೆ ಬರೆಯಿರಿ. ಮುಂದಿನ ಸುತ್ತಿನಲ್ಲಿ ಮೇಲಿನದು ಸಿಕ್ಕರೆ ಹಿಂದಿನದು ಹೋಗುತ್ತದೆ. ಆದ್ದರಿಂದ ಕಟ್ಟಲಾಗದ ಶುಲ್ಕದ ಕಾಲೇಜನ್ನು ಬರೆಯಲೇಬೇಡಿರಿ. ನಿಯಮ ಓದದೆ ಸಿಕ್ಕ ಸೀಟು ಬಿಡಬೇಡಿರಿ.

ಓದುವವರು ಮಗಳಾಗಲಿ ಮಗನಾಗಲಿ, ಅವರನ್ನೂ ಕೂರಿಸಿಕೊಂಡು ಈ ಲೆಕ್ಕ ಮಾಡಿರಿ. ಸಾಲದ ಹೊರೆ ಹೊತ್ತ ಡಾಕ್ಟರು ಹಳ್ಳಿಗೆ ಮರಳುವುದು ಕಷ್ಟ. ಹೊಲವೂ ಉಳಿಯಲಿ, ಊರಿಗೆ ಡಾಕ್ಟರೂ ಬರಲಿ.