ಹಿತ್ತಲ ಕೋಳಿ, ಕಣಜದ ಬೆಕ್ಕು

ನಮ್ಮ ಹಳ್ಳಿಗಳಲ್ಲಿ ಸಣ್ಣ ಹಿಡುವಳಿದಾರರ ಮನೆಯೆಂದರೆ ಆರೆಂಟು ನಾಟಿ ಕೋಳಿಗಳೂ ಒಂದೆರಡು ಬೆಕ್ಕುಗಳೂ ಇರುವುದು ಸರ್ವೇಸಾಮಾನ್ಯ. ಇವುಗಳನ್ನು ಯಾರೂ ಲೆಕ್ಕವಿಟ್ಟು ಸಾಕುವುದಿಲ್ಲ. ಕೋಳಿಗಳು ತಿಪ್ಪೆಯನ್ನು ಕೆದಕಿ ತಮ್ಮ ಹೊಟ್ಟೆಯನ್ನು ತಾವೇ ಹೊರೆದುಕೊಳ್ಳುತ್ತವೆ. ಬೆಕ್ಕು ರಾತ್ರಿ ಅಟ್ಟದ ಮೇಲೆ ಇಲಿ ಹಿಡಿದು ಹಗಲು ಒಲೆಯ ಮಗ್ಗುಲಲ್ಲಿ ಮಲಗುತ್ತದೆ. ಹಸುವಿಗೆ ಸಲ್ಲುವ ಗೌರವವಾಗಲಿ, ಎತ್ತಿಗೆ ದೊರೆಯುವ ಆರೈಕೆಯಾಗಲಿ ಇವುಗಳಿಗಿಲ್ಲ. ಆದರೆ ಮನೆಯಲ್ಲಿ ಗರ್ಭಿಣಿಯೋ ಬಾಣಂತಿಯೋ ಎಳೆಯ ಮಗುವೋ ಇರುವಾಗ ಈ ಎರಡು ಪ್ರಾಣಿಗಳಿಂದ ಆಗುವ ಉಪಕಾರವೂ ಅಪಾಯವೂ ಅಲ್ಪವಲ್ಲ. ಉಪಕಾರವನ್ನು ಉಳಿಸಿಕೊಂಡು ಅಪಾಯವನ್ನು ದೂರವಿಡುವ ಬಗೆಯನ್ನು ಪತಿಪತ್ನಿಯರಿಬ್ಬರೂ ಕೂಡಿ ಅರಿಯಬೇಕೆಂಬುದೇ ಈ ಪಾಠದ ಉದ್ದೇಶ.

ಮೊಟ್ಟೆ ಯಾರ ಪಾಲು?

ನಾಟಿ ಹೇಂಟೆಯೊಂದು ವರ್ಷಕ್ಕೆ ಸುಮಾರು 50ರಿಂದ 60 ಮೊಟ್ಟೆಗಳನ್ನಿಡುತ್ತದೆ. ಅದೂ ಒಂದೇ ಸಮನೆ ಅಲ್ಲ. ಹತ್ತು ಹನ್ನೆರಡು ಇಟ್ಟ ಮೇಲೆ ಕಾವಿಗೆ ಕೂರುತ್ತದೆ, ಬಳಿಕ ಮರಿಗಳನ್ನು ಕಟ್ಟಿಕೊಂಡು ತಿರುಗುತ್ತದೆ, ಅವು ದೊಡ್ಡವಾದ ಮೇಲೆ ಮತ್ತೆ ಇಡಲು ತೊಡಗುತ್ತದೆ. ಐದು ಹೇಂಟೆಗಳಿರುವ ಮನೆಗೆ ಈ ಲೆಕ್ಕದಲ್ಲಿ ವರ್ಷಕ್ಕೆ 250ರಿಂದ 300 ಮೊಟ್ಟೆಗಳಾದವು. ಮರಿ ಮಾಡಿಸಲು 60 ತೆಗೆದಿರಿಸಿದರೂ ವಾರಕ್ಕೆ ನಾಲ್ಕರ ಆಸುಪಾಸು ಮೊಟ್ಟೆಗಳು ಮನೆಯಲ್ಲಿ ಉಳಿಯುತ್ತವೆ.

ಈ ನಾಲ್ಕು ಮೊಟ್ಟೆಗಳು ಎಲ್ಲಿಗೆ ಹೋಗುತ್ತವೆ? ಬಹುತೇಕ ಮನೆಗಳಲ್ಲಿ ಎರಡು ಸಂತೆಗೆ, ಒಂದು ಯಜಮಾನನ ತಟ್ಟೆಗೆ, ಮತ್ತೊಂದು ಬಂದ ನೆಂಟರಿಗೆ. ಮನೆಯಾಕೆ ಬಸುರಿಯಾಗಿದ್ದರೆ ಅವಳಿಗೆ ಸಿಗುವ ಸಂಭವ ಇನ್ನೂ ಕಡಿಮೆ. ಏಕೆಂದರೆ ಮೊಟ್ಟೆ ಉಷ್ಣ, ಗರ್ಭಕ್ಕೆ ಆಗದು ಎಂಬ ನಂಬಿಕೆ ಹಿರಿಯರಲ್ಲಿ ಬೇರೂರಿದೆ. ಈ ನಂಬಿಕೆಗೆ ವೈದ್ಯಶಾಸ್ತ್ರದಲ್ಲಿ ಆಧಾರವಿಲ್ಲ. ಸಾಧಾರಣ ಗಾತ್ರದ ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಸಸಾರಜನಕ, ಎಂದರೆ ಪ್ರೋಟೀನು, ಇರುತ್ತದೆ. ಎ ಜೀವಸತ್ವವೂ ಇರುತ್ತದೆ. ಗರ್ಭದಲ್ಲಿ ಮಗುವಿನ ಮಾಂಸ ಮಜ್ಜೆ ಬೆಳೆಯುವ ಕಾಲದಲ್ಲಿ ತಾಯಿಗೆ ಬೇಕಾದುದು ಇವೇ. ಚೆನ್ನಾಗಿ ಬೇಯಿಸಿದ ಮೊಟ್ಟೆಯಿಂದ ಬಸುರಿಗೆ ಕೇಡಿಲ್ಲ. ಅರೆಬೆಂದ ಮೊಟ್ಟೆಯನ್ನೂ ಹಸಿಮೊಟ್ಟೆಯನ್ನೂ ಮಾತ್ರ ಯಾರೂ ಸೇವಿಸಬಾರದು. ಅದರಿಂದ ವಾಂತಿಭೇದಿ ಬರಬಹುದು.

ಮೊಟ್ಟೆ ಮಾರಿದ ಹಣ ಅನೇಕ ಕಡೆ ಹೆಣ್ಣುಮಗಳ ಕೈಗೆ ಬರುವ ಏಕೈಕ ಕಾಸು ಎಂಬುದನ್ನು ನಾವು ಬಲ್ಲೆವು. ಉಪ್ಪು, ಬಳೆ, ಮಗುವಿನ ಸ್ಲೇಟು ಎಲ್ಲವೂ ಅದರಲ್ಲಿಯೇ ಆಗಬೇಕು. ಮಾರಬಾರದೆಂದು ನಾವು ಹೇಳುವುದಿಲ್ಲ. ಆದರೆ ಮೊಟ್ಟೆಗಳನ್ನು ಎಣಿಸಿ ಬುಟ್ಟಿಗೆ ಹಾಕುವ ಮುನ್ನ ಬಸುರಿಯ ಪಾಲನ್ನೂ ಮಗುವಿನ ಪಾಲನ್ನೂ ತೆಗೆದಿಡುವುದು ನ್ಯಾಯ. ಈ ಮಾತನ್ನು ಅತ್ತೆಯ ಮುಂದೆ ಆಡಬೇಕಾದವನು ಗಂಡ. ಸೊಸೆಯ ಬಾಯಿಂದ ಬಂದರೆ ಅದು ಬೇರೆಯೇ ರೂಪ ತಾಳುತ್ತದೆ.

ಹೆಚ್ಚು ಮೊಟ್ಟೆ ಬೇಕೆನ್ನುವವರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಅಭಿವೃದ್ಧಿಪಡಿಸಲಾದ ಗಿರಿರಾಜ ಅಥವಾ ಸ್ವರ್ಣಧಾರ ಕೋಳಿಗಳನ್ನು ಸಾಕಬಹುದು. ಅವು ನಾಟಿಗಿಂತ ಎರಡು ಪಟ್ಟಿಗೂ ಹೆಚ್ಚು ಮೊಟ್ಟೆ ಕೊಡುತ್ತವೆ. ಆದರೆ ಅವನ್ನು ಕಾವಿಗೆ ಕೂರಿಸಿ ಮರಿ ಮಾಡಿಸಲು ಆಗದು, ಮೈಭಾರದಿಂದಾಗಿ ನಾಯಿ ಮುಂಗುಸಿಗಳಿಂದ ತಪ್ಪಿಸಿಕೊಳ್ಳುವ ಚುರುಕೂ ಸಾಲದು. ಒಂದೆರಡು ನಾಟಿ ಹೇಂಟೆಗಳು ಮನೆಯಲ್ಲಿ ಇದ್ದೇ ಇರಲಿ.

ಗೂಡು ಮನೆಯ ಹೊರಗಿರಲಿ

ಕಳ್ಳರ ಭಯದಿಂದಲೂ ಕಾಡುಬೆಕ್ಕಿನ ಭಯದಿಂದಲೂ ಅನೇಕರು ರಾತ್ರಿ ಕೋಳಿಗಳನ್ನು ಮನೆಯೊಳಗೆ ತಂದು, ಅಡುಗೆಮನೆಯ ಮೂಲೆಯಲ್ಲಿ ಮಂಕರಿಯಡಿ ಮುಚ್ಚುವುದುಂಟು. ಬೆಳಗಾದರೆ ನೆಲವೆಲ್ಲ ಹಿಕ್ಕೆ. ಅದೇ ನೆಲದ ಮೇಲೆ ಅಂಬೆಗಾಲಿಡುವ ಮಗು ಕೈಯೂರಿ, ಆ ಕೈಯನ್ನೇ ಬಾಯಿಗಿಟ್ಟುಕೊಳ್ಳುತ್ತದೆ. ಕೋಳಿಯ ಹಿಕ್ಕೆಯಲ್ಲಿರುವ ರೋಗಾಣುಗಳು ಮಗುವಿನ ಹೊಟ್ಟೆ ಸೇರಿ ಭೇದಿಯನ್ನುಂಟುಮಾಡುತ್ತವೆ. ಮತ್ತೆ ಮತ್ತೆ ಭೇದಿಯಾಗುವ ಮಗುವಿಗೆ ಎಷ್ಟು ಉಣಿಸಿದರೂ ಅದು ಮೈಗೆ ಹತ್ತುವುದಿಲ್ಲ. ಕೋಳಿಯಿಂದ ಬಂದ ಮೊಟ್ಟೆಯ ಫಲವನ್ನು ಕೋಳಿಯ ಹಿಕ್ಕೆಯೇ ಕಳೆದುಬಿಟ್ಟರೆ ಸಾಕಿದ್ದಕ್ಕೆ ಅರ್ಥವೇನು?

ಆದುದರಿಂದ ಗೂಡನ್ನು ಹಿತ್ತಲಿನಲ್ಲಿಯೇ ಕಟ್ಟತಕ್ಕದ್ದು. ನಾಲ್ಕು ಗೂಟಗಳ ಮೇಲೆ, ನೆಲದಿಂದ ಎರಡು ಮೊಳ ಎತ್ತರದಲ್ಲಿ, ಬಿದಿರ ದಬ್ಬೆಗಳಿಂದ ಕಟ್ಟಿದ ಗೂಡು ಸಾಕಾಗುತ್ತದೆ. ಕೋಳಿಯೊಂದಕ್ಕೆ ಒಂದು ಚದರ ಅಡಿಗೆ ಕಡಿಮೆಯಾಗದಂತೆ ಜಾಗವಿರಲಿ. ಹಿಕ್ಕೆ ಕೆಳಗೆ ಬೀಳುವಷ್ಟು ಮಾತ್ರ ದಬ್ಬೆಗಳ ನಡುವೆ ಸಂದು ಬಿಡಬೇಕು. ಬಾಗಿಲಿಗೆ ಗಟ್ಟಿಯಾದ ಚಿಲಕ ಬೇಕು. ಮುಂಗುಸಿಯು ಸಡಿಲ ಹಲಗೆಯನ್ನು ಸರಿಸಿಕೊಂಡು ನುಗ್ಗುತ್ತದೆ. ಕೆಳಗೆ ಬಿದ್ದ ಹಿಕ್ಕೆಯನ್ನು ಗುಡಿಸಿ ಗೊಬ್ಬರದ ಗುಂಡಿಗೆ ಸೇರಿಸಿದರೆ ತರಕಾರಿ ಮಡಿಗಳಿಗೆ ಒಳ್ಳೆಯ ಗೊಬ್ಬರ. ಗೂಡಿಗೆ ಆಗಾಗ ಸುಣ್ಣ ಬಳಿಯುವುದರಿಂದಲೂ, ಹತ್ತಿರದಲ್ಲಿ ಒಲೆಯ ಬೂದಿಯನ್ನು ಹರಡಿ ಕೋಳಿಗಳು ಹೊರಳಾಡಲು ಬಿಡುವುದರಿಂದಲೂ ಕೋಳಿಹೇನಿನ ಕಾಟ ತಗ್ಗುತ್ತದೆ.

ಮರಿಗಳೂ ಬೆಕ್ಕೂ

ಕಾವು ಕೂತ 21ನೆಯ ದಿನ ಮರಿಗಳು ಹೊರಬರುತ್ತವೆ. ಏಳು ದಿನವಾದ ಮೇಲೆ ಕತ್ತಲೆ ಕೋಣೆಯಲ್ಲಿ ಮೊಟ್ಟೆಯ ಹಿಂದೆ ಟಾರ್ಚು ಹಿಡಿದು ನೋಡಿದರೆ, ಒಳಗೆ ಕೆಂಪು ನರಗಳು ಕಾಣುವ ಮೊಟ್ಟೆ ಜೀವ ಕಟ್ಟಿದೆಯೆಂದೂ, ಬರಿದೇ ತಿಳಿಯಾಗಿ ಕಾಣುವುದು ಬರಡೆಂದೂ ತಿಳಿಯುತ್ತದೆ.

ಹತ್ತು ಮರಿಗಳಾದವೆಂದು ಹಿಗ್ಗಿದ ಮನೆಯಲ್ಲಿ ಒಂದೂವರೆ ತಿಂಗಳಿಗೆ ಮೂರು ಉಳಿದಿರುವುದು ವಿಶೇಷವೇನಲ್ಲ. ಹದ್ದು, ಕಾಗೆ, ಮುಂಗುಸಿ, ಹೆಗ್ಗಣ, ಹಾವು, ಎಲ್ಲದಕ್ಕೂ ಮರಿಯೇ ಬೇಕು. ಮನೆಯ ಬೆಕ್ಕೂ ಈ ಸಾಲಿನಲ್ಲಿ ಸೇರುತ್ತದೆ. ಬೆಳೆದ ಕೋಳಿಯ ತಂಟೆಗೆ ಬೆಕ್ಕು ಹೋಗುವುದು ಅಪರೂಪ. ಹೇಂಟೆಯ ಕೊಕ್ಕಿನ ಪೆಟ್ಟು ತಿಂದ ಬೆಕ್ಕಂತೂ ದೂರವೇ ಸುಳಿಯುತ್ತದೆ. ಆದರೆ ತಾಯಿಯಿಂದ ನಾಲ್ಕು ಹೆಜ್ಜೆ ಹಿಂದುಳಿದು ಚಿಂವ್‌ಗುಟ್ಟುವ ಮರಿ ಅದರ ಕಣ್ಣಿಗೆ ಇಲಿಯಂತೆಯೇ. ಆದಕಾರಣ ಮೊದಲ ಮೂರು ವಾರ ತಾಯಿಯನ್ನೂ ಮರಿಗಳನ್ನೂ ಅಗಲವಾದ ಮಂಕರಿಯ ಕೆಳಗಿಟ್ಟು, ನುಚ್ಚನ್ನೂ ಗೆದ್ದಲನ್ನೂ ನೀರನ್ನೂ ಅಲ್ಲಿಯೇ ಒದಗಿಸಿ, ಮನೆಯವರು ಹಿತ್ತಲಿನಲ್ಲಿರುವ ಹೊತ್ತಿನಲ್ಲಿ ಮಾತ್ರ ಹೊರಬಿಡತಕ್ಕದ್ದು. ಮಂಕರಿಯ ಮೇಲೆ ಕಲ್ಲೊಂದನ್ನು ಹೇರಲು ಮರೆಯಬಾರದು. ಮರಿ ತಿಂದ ಬೆಕ್ಕನ್ನು ಬಡಿಯುವುದರಿಂದ ಪ್ರಯೋಜನವಿಲ್ಲ. ಪೆಟ್ಟು ಏತಕ್ಕೆ ಬಿತ್ತೆಂಬುದು ಅದಕ್ಕೆ ತಿಳಿಯುವುದಿಲ್ಲ. ಕೋಳಿಗಳ ನಡುವೆಯೇ ಬೆಳೆದ ಬೆಕ್ಕಿನ ಮರಿ ದೊಡ್ಡದಾದ ಮೇಲೆ ಅವುಗಳೊಡನೆ ಹೊಂದಿಕೊಂಡಿರುವುದು ಸಾಮಾನ್ಯ. ಎಲ್ಲಿಂದಲೋ ಬಂದು ಸೇರಿದ ದೊಡ್ಡ ಬೆಕ್ಕನ್ನು ಹಾಗೆ ನಂಬುವಂತಿಲ್ಲ.

ಹೊಟ್ಟೆಗೆ ಹಾಕಿದರೆ ಬೆಕ್ಕು ಇಲಿ ಹಿಡಿಯುವುದಿಲ್ಲವೆಂಬುದು ಇನ್ನೊಂದು ತಪ್ಪು ತಿಳಿವಳಿಕೆ. ಬೇಟೆ ಬೆಕ್ಕಿನ ಹುಟ್ಟುಗುಣ. ಹೊಟ್ಟೆ ತುಂಬಿದ್ದರೂ ಅದು ಬೇಟೆಯಾಡುತ್ತದೆ. ಹಸಿದ ಬೆಕ್ಕಾದರೋ ಕಷ್ಟದ ಇಲಿಯನ್ನು ಬಿಟ್ಟು ಸುಲಭದ ಮರಿಯನ್ನು ಹುಡುಕುತ್ತದೆ, ಇಲ್ಲವೇ ಮನೆ ಬಿಟ್ಟು ಹೋಗುತ್ತದೆ. ದಿನಕ್ಕೊಂದು ಬಾರಿ ಸಂಜೆಯ ಹೊತ್ತು, ಕೋಳಿಗಳು ಗೂಡು ಸೇರಿದ ಮೇಲೆ, ಕಣಜದ ಬಳಿಯಲ್ಲಿ ಅದಕ್ಕೆ ಅನ್ನವನ್ನೋ ಮುದ್ದೆಯ ಚೂರನ್ನೋ ಮೀನಿನ ತಲೆಯನ್ನೋ ಇಡಬೇಕು. ಎಲ್ಲಿ ಕಾವಲು ಬೇಕೋ ಅಲ್ಲಿಯೇ ಊಟ.

ಸಣ್ಣ ಮನೆಗೆ ಒಂದು ಬೆಕ್ಕು ಸಾಕು, ಎರಡು ಹೆಚ್ಚು. ಹೆಣ್ಣು ಬೆಕ್ಕು ಹುಟ್ಟಿದ ಆರು ತಿಂಗಳ ಹೊತ್ತಿಗೇ ಗಬ್ಬವಾಗಬಲ್ಲದು; ಸುಮಾರು ಒಂಬತ್ತು ವಾರಗಳಲ್ಲಿ ಮೂರರಿಂದ ಐದು ಮರಿಗಳನ್ನು ಈಯುತ್ತದೆ, ವರ್ಷಕ್ಕೆ ಎರಡು ಸಲವಾದರೂ ಈಯುತ್ತದೆ. ಮರಿಗಳನ್ನು ಚೀಲದಲ್ಲಿ ಕಟ್ಟಿ ಪಕ್ಕದೂರಿನ ಸಂತೆಮಾಳದಲ್ಲಿ ಬಿಟ್ಟು ಬರುವುದು ಕ್ರೂರ. ಅಲ್ಲದೆ ಪಕ್ಕದೂರಿನವರೂ ತಮ್ಮ ಮರಿಗಳನ್ನು ನಮ್ಮೂರಿಗೆ ತಂದು ಬಿಡಬಲ್ಲರು. ಸಂತಾನಹರಣ ಶಸ್ತ್ರಚಿಕಿತ್ಸೆ ಬೆಕ್ಕಿಗೂ ಉಂಟು. ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ವಿಚಾರಿಸಬೇಕು. ಈ ಪುಸ್ತಿಕೆಯಲ್ಲಿ ಇಂಥ ಸಲಹೆ ಮನುಷ್ಯರಿಗಷ್ಟೇ ಇರುತ್ತದೆಂದು ಓದುಗರು ಭಾವಿಸಿದ್ದರೆ ಅದು ಇಲ್ಲಿಗೆ ಮುಗಿಯಿತು!

ಬೆಕ್ಕೊಂದರಿಂದಲೇ ಇಲಿಗಳು ನಿರ್ಮೂಲವಾಗುವುದಿಲ್ಲ. ಇಲಿಯ ಮೂತ್ರದಿಂದ ಕೆಟ್ಟ ನೀರು, ಕೆಸರು ತಾಗಿ ಇಲಿಜ್ವರ ಬರುತ್ತದೆ. ಕಾಳನ್ನು ಮುಚ್ಚಳವಿರುವ ತಗಡಿನ ಡಬ್ಬಗಳಲ್ಲಿಟ್ಟು, ಕೋಳಿಗಳಿಗೆ ಎರಚಿದ ನುಚ್ಚು ಕತ್ತಲಾಗುವ ಮೊದಲೇ ಖಾಲಿಯಾಗುವಂತೆ ನೋಡಿಕೊಳ್ಳಬೇಕು. ಇಲಿ ಪಾಷಾಣವನ್ನು ಮಾತ್ರ ಮಕ್ಕಳೂ ಕೋಳಿಯೂ ಇರುವ ಮನೆಗೆ ತರದಿರುವುದೇ ಮೇಲು. ಪಾಷಾಣ ತಿಂದ ಇಲಿಯನ್ನು ತಿಂದು ಬೆಕ್ಕು ಸಾಯಬಹುದು. ಪಾಷಾಣ ಬೆರೆಸಿದ ಹಿಟ್ಟಿನ ಉಂಡೆ ಮಗುವಿನ ಕೈಗೆ ಸಿಕ್ಕರೆ ಆಗುವ ಅನಾಹುತವನ್ನು ವಿವರಿಸಬೇಕಾಗಿಲ್ಲ.

ಗರ್ಭಿಣಿಯರು ಗಮನಿಸಬೇಕಾದುದು

ಬೆಕ್ಕಿನ ಮಲದಲ್ಲಿ ಟಾಕ್ಸೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಇರಬಹುದು. ಉಳಿದವರಿಗೆ ಅದು ತಗುಲಿದರೂ ಸಾಮಾನ್ಯವಾಗಿ ಗೊತ್ತೇ ಆಗುವುದಿಲ್ಲ. ಆದರೆ ಸ್ತ್ರೀಗೆ ಗರ್ಭಿಣಿಯಾಗಿರುವಾಗಲೇ ಮೊದಲ ಬಾರಿಗೆ ಸೋಂಕು ತಗುಲಿದರೆ ಗರ್ಭಪಾತವಾಗಬಹುದು, ಅಥವಾ ಮಗುವಿನ ಕಣ್ಣು, ಮಿದುಳುಗಳಿಗೆ ಊನವಾಗಬಹುದು. ಹಾಗೆಂದು ಬೆಕ್ಕನ್ನು ಮನೆಯಿಂದ ಓಡಿಸಬೇಕಾಗಿಲ್ಲ. ಮಲದೊಡನೆ ಹೊರಬಿದ್ದ ಈ ಜೀವಿಗೆ ಸೋಂಕುಂಟುಮಾಡುವ ಶಕ್ತಿ ಬರಲು ಒಂದು ದಿನವಾದರೂ ಬೇಕು. ಆದ್ದರಿಂದ ಮಲವನ್ನು ದಿನದಿನವೂ ತೆಗೆದು ಹೂಳಿದರೆ ಅಪಾಯ ಬಹಳ ಮಟ್ಟಿಗೆ ತಪ್ಪುತ್ತದೆ. ಈ ಕೆಲಸವನ್ನು ಹೆಂಡತಿ ಬಸುರಾದ ದಿನದಿಂದ ಹೆರಿಗೆಯವರೆಗೂ ಗಂಡನೇ ಮಾಡತಕ್ಕದ್ದು. ಗರ್ಭಿಣಿಯು ಮಣ್ಣಿನ ಕೆಲಸ ಮಾಡಿದ ಮೇಲೆ ಸಾಬೂನಿನಿಂದ ಕೈ ತೊಳೆಯಬೇಕು. ಸೊಪ್ಪು ತರಕಾರಿಗಳನ್ನು ಚೆನ್ನಾಗಿ ತೊಳೆದು ಬಳಸಬೇಕು. ಇದೇ ಸೋಂಕು ಸರಿಯಾಗಿ ಬೇಯದ ಮಾಂಸದಿಂದಲೂ ಬರುತ್ತದೆ. ಮನೆ ಕಟ್ಟಲು ತಂದು ಸುರಿದ ಮರಳಿನ ಗುಡ್ಡೆಯ ಮೇಲೆ ಹಗಲೆಲ್ಲ ಮಕ್ಕಳು ಆಡುತ್ತಾರೆ, ರಾತ್ರಿ ಬೆಕ್ಕು ಅಲ್ಲಿಯೇ ಕೆದಕುತ್ತದೆ, ಅದನ್ನು ಮುಚ್ಚಿಡಬೇಕು.

ಕೋಳಿ ಸತ್ತರೆ, ಬೆಕ್ಕು ಕಚ್ಚಿದರೆ

ಹಳ್ಳಿಗರು ಕೊಕ್ಕರೆ ರೋಗವೆನ್ನುವ ರಾಣಿಖೇತ್ ಬಂದರೆ ಹಿತ್ತಲಿಗೆ ಹಿತ್ತಲೇ ಬರಿದಾಗುತ್ತದೆ. ಕೋಳಿಗಳು ರೆಕ್ಕೆ ಇಳಿಬಿಟ್ಟು ತೂಕಡಿಸುತ್ತವೆ, ಹಸಿರು ಬೆರೆತ ಭೇದಿ ಮಾಡುತ್ತವೆ, ಬಾಯ್ತೆರೆದು ಉಸಿರೆಳೆಯುತ್ತವೆ, ಕೆಲವುಗಳ ಕತ್ತು ತಿರುಚಿಕೊಳ್ಳುತ್ತದೆ. ಬಂದ ಮೇಲೆ ಇದಕ್ಕೆ ಮದ್ದಿಲ್ಲ; ಬಾರದಂತೆ ಲಸಿಕೆಯುಂಟು. ಮರಿಗೆ 5ರಿಂದ 7 ದಿನಗಳಾದಾಗ ಕಣ್ಣಿಗೆ ಅಥವಾ ಮೂಗಿಗೆ ಒಂದು ಹನಿ, 6ರಿಂದ 8 ವಾರಗಳಾದಾಗ ರೆಕ್ಕೆಯಡಿ ಚುಚ್ಚುಮದ್ದು. ಒಂದು ಸೀಸೆಯಲ್ಲಿ ನೂರಾರು ಕೋಳಿಗಳಿಗಾಗುವಷ್ಟು ಮದ್ದಿರುವುದರಿಂದಲೂ, ಕಲಸಿದ ಮೇಲೆ ಕೆಲವೇ ಗಂಟೆಗಳಲ್ಲಿ ಅದು ಮುಗಿಯಬೇಕಾದುದರಿಂದಲೂ ಕೇರಿಯವರೆಲ್ಲ ಕೂಡಿ ಒಂದು ದಿನ ಗೊತ್ತುಮಾಡಿಕೊಂಡು ಪಶುವೈದ್ಯರನ್ನು ಕರೆಸುವುದು ಮೇಲು. ಸೀಸೆಯನ್ನು ಮಂಜುಗಡ್ಡೆಯಲ್ಲಿಟ್ಟೇ ತರಬೇಕು. ಬಿಸಿಲಿನಲ್ಲಿ ಜೇಬಿನೊಳಗಿಟ್ಟು ತಂದ ಲಸಿಕೆ ನೀರಿಗೆ ಸಮ.

ಒಮ್ಮೆಗೇ ಹಲವು ಕೋಳಿಗಳು ಸತ್ತರೆ ಅವನ್ನು ಬೇಯಿಸಬಾರದು, ಮಾರಬಾರದು, ಬೆಕ್ಕಿಗೂ ನಾಯಿಗೂ ಎಸೆಯಬಾರದು. ಅದು ಹಕ್ಕಿಜ್ವರವೂ ಆಗಿರಬಹುದು. ನಮ್ಮ ರಾಜ್ಯದಲ್ಲಿಯೇ 2012ರಲ್ಲಿ ಹೆಸರಘಟ್ಟದಲ್ಲಿ, 2020ರಲ್ಲಿ ಮೈಸೂರಿನಲ್ಲಿ ಅದು ಕಾಣಿಸಿಕೊಂಡಿತ್ತು. ಸತ್ತ ಕೋಳಿಯನ್ನು ತಿಂದ ಬೆಕ್ಕಿಗೂ ಆ ರೋಗ ತಗುಲುತ್ತದೆ, ಮತ್ತು ಆ ಬೆಕ್ಕು ಮಲಗುವುದು ನಮ್ಮ ಒಲೆಯ ಮಗ್ಗುಲಲ್ಲಿಯೇ. ಬರಿಗೈಯಲ್ಲಿ ಮುಟ್ಟದೆ, ಮಕ್ಕಳನ್ನು ದೂರವಿಟ್ಟು, ಪಶು ಆಸ್ಪತ್ರೆಗೆ ಕೂಡಲೇ ತಿಳಿಸತಕ್ಕದ್ದು.

ಹುಚ್ಚು ನಾಯಿಯಿಂದಷ್ಟೇ ಬರುತ್ತದೆಂದು ಹಲವರು ತಿಳಿದಿದ್ದಾರೆ. ಬೆಕ್ಕಿನ ಕಡಿತದಿಂದಲೂ ರೇಬಿಸ್ ಬರುತ್ತದೆ, ಬಂದ ಮೇಲೆ ಸಾವು ತಪ್ಪಿದ್ದಲ್ಲ. ಸಾಕಿದ ಬೆಕ್ಕಿಗೆ ಮೂರು ತಿಂಗಳು ತುಂಬಿದಾಗ ಲಸಿಕೆ ಹಾಕಿಸಿ ವರ್ಷವರ್ಷವೂ ಮುಂದುವರಿಸಬೇಕು. ಬೆಕ್ಕು ಕಚ್ಚಿದರೆ ಅಥವಾ ರಕ್ತ ಬರುವಂತೆ ಪರಚಿದರೆ ಗಾಯವನ್ನು ಸಾಬೂನು ಹಚ್ಚಿ ಸುರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ, ಕಾಫಿಪುಡಿ ಯಾವುದನ್ನೂ ಮೆತ್ತಬಾರದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಗಾಯ ಆಳವಾಗಿದ್ದರೆ ಲಸಿಕೆಯ ಜೊತೆಗೆ ಗಾಯದ ಸುತ್ತ ಬೇರೊಂದು ಮದ್ದನ್ನೂ ಚುಚ್ಚುತ್ತಾರೆ. ಗರ್ಭಿಣಿಯರೂ ಬಾಣಂತಿಯರೂ ಈ ಲಸಿಕೆಯನ್ನು ನಿರ್ಭಯವಾಗಿ ಪಡೆಯಬಹುದು, ಪಡೆಯಲೇಬೇಕು. ಚರ್ಮದೊಳಕ್ಕೆ ಕೊಡುವ ಕ್ರಮದಲ್ಲಿ ಮೊದಲ ದಿನ ಒಂದಾದರೆ, ಅಲ್ಲಿಂದ ಎಣಿಸಿ 3ನೆಯ, 7ನೆಯ ಮತ್ತು 28ನೆಯ ದಿನ ಮತ್ತೆ ಹೋಗಬೇಕಾಗುತ್ತದೆ. ಗಾಯ ಮಾಗಿದ ಮೇಲೆ ಕಡೆಯ ಸರದಿಯನ್ನು ಮರೆಯುವವರೇ ಹೆಚ್ಚು. ಆಸ್ಪತ್ರೆಯಿಂದ ಬಂದೊಡನೆ ಗೋಡೆಯ ಕ್ಯಾಲೆಂಡರಿನಲ್ಲಿ ಆ ಮೂರು ತಾರೀಖುಗಳಿಗೆ ಮಸಿಯಿಂದ ಗುರುತು ಹಾಕಿಡಿ.