ಬ್ರೇಕಿನಲ್ಲಿ ಸುಟ್ಟ ಪೆಟ್ರೋಲು

ಬನಶಂಕರಿಯ ಬಸ್ ನಿಲ್ದಾಣದಿಂದ ಹೊರಟು ರಾಗಿಗುಡ್ಡ, ಜಯದೇವ ಆಸ್ಪತ್ರೆ, ಬಿ.ಟಿ.ಎಂ. ಬಡಾವಣೆಗಳ ಮಾರ್ಗವಾಗಿ ಸಿಲ್ಕ್ ಬೋರ್ಡಿನ ಕೂಡುರಸ್ತೆಯನ್ನು ಸೇರುವ ಹಾದಿ ಸುಮಾರು ೬ ಕಿಲೋಮೀಟರು. ದಕ್ಷಿಣ ಬೆಂಗಳೂರಿನ ನಿವಾಸಿಗಳಲ್ಲಿ ಈ ಹಾದಿಯನ್ನು ಅರಿಯದವರು ವಿರಳ. ಅಲ್ಲಿ ಕಳೆದ ಹೊತ್ತನ್ನು ಮರೆತವರು ಇನ್ನೂ ವಿರಳ. ಸಂಜೆಯ ವೇಳೆ ಅಲ್ಲಿ ನಿಂತು ನೋಡಿದರೆ ಒಂದು ದೃಶ್ಯ ಮತ್ತೆ ಮತ್ತೆ ಕಣ್ಣಿಗೆ ಬೀಳುವುದು. ಹಸುರು ದೀಪ ಹೊತ್ತಿದೊಡನೆ ಒಂದು ಕಾರು ಬಾಣದಂತೆ ನುಗ್ಗುವುದು. ನೂರಿನ್ನೂರು ಮೀಟರು ಹೋಗುವಷ್ಟರಲ್ಲಿ ನಿಂತ ವಾಹನಗಳ ಸಾಲು ಎದುರಾಗುವುದು. ಚಾಲಕನು ಬ್ರೇಕನ್ನು ಒತ್ತಿ ಗಕ್ಕನೆ ನಿಲ್ಲಿಸುವನು. ಹಿಂದೆ ಸಾವಧಾನವಾಗಿ ಬಂದ ಇನ್ನೊಂದು ಕಾರು ಅದರ ಪಕ್ಕಕ್ಕೇ ಬಂದು ನಿಲ್ಲುವುದು. ಇಬ್ಬರೂ ಒಂದೇ ದೀಪಕ್ಕಾಗಿ ಕಾಯುವರು. ಮೊದಲನೆಯವನು ಗಳಿಸಿದ್ದೇನು, ಕಳೆದದ್ದೇನು? ಪ್ರೌಢಶಾಲೆಯಲ್ಲಿ ಭೌತಶಾಸ್ತ್ರವನ್ನು ಓದಿದವರೆಲ್ಲರೂ ಇದರ ಲೆಕ್ಕವನ್ನು ಹಾಕಬಲ್ಲರು. ಆ ಲೆಕ್ಕವನ್ನೇ ನಾವು ಇಲ್ಲಿ ಹಾಕಿ ನೋಡೋಣ.

ಇಂಧನವನ್ನು ಉಳಿಸುವ ಬಗೆಗೆ ಕರಪತ್ರಗಳು ಬೇಕಾದಷ್ಟು ಉಂಟು. ‘ಹೀಗೆ ಮಾಡಿರಿ, ಹಾಗೆ ಮಾಡಬೇಡಿರಿ’ ಎಂದು ಅವು ಪಟ್ಟಿ ಕೊಡುವುವೇ ಹೊರತು ಕಾರಣವನ್ನು ಕೊಡುವುದು ಅಪರೂಪ. ಕಾರಣ ತಿಳಿಯದೆ ಪಾಲಿಸಿದ ನಿಯಮ ಬಹುಕಾಲ ನಿಲ್ಲುವುದಿಲ್ಲ. ಅಲ್ಲದೆ ಬಾಯಿಂದ ಬಾಯಿಗೆ ಹಬ್ಬಿದ ಸಲಹೆಗಳಲ್ಲಿ ಕೆಲವು ಶುದ್ಧ ತಪ್ಪು. ಅಂಥದೊಂದನ್ನು ಮುಂದೆ ನೋಡುವೆವು.

ಒಂದು ಲೀಟರಿನ ಆಯವ್ಯಯ

ಒಂದು ಲೀಟರು ಪೆಟ್ರೋಲನ್ನು ಪೂರ್ತಿಯಾಗಿ ಉರಿಸಿದರೆ ಸುಮಾರು ೩ ಕೋಟಿ ೨೦ ಲಕ್ಷ ಜೌಲ್‌ಗಳಷ್ಟು ಶಾಖ ಹುಟ್ಟುವುದು. ಇದು ಬಹು ದೊಡ್ಡ ಐಶ್ವರ್ಯ. ಆದರೆ ಎಂಜಿನ್ನು ದುಂದುಗಾರ. ಈ ಶಾಖದ ಬಹುಭಾಗ ಹೊಗೆಕೊಳವೆಯ ಬಿಸಿ ಅನಿಲಗಳೊಡನೆಯೂ ರೇಡಿಯೇಟರಿನ ನೀರಿನ ಮೂಲಕವೂ ಗಾಳಿಯ ಪಾಲಾಗುವುದು. ಊರೊಳಗಿನ ಓಡಾಟದಲ್ಲಿ ಐದರಲ್ಲಿ ಒಂದು ಪಾಲು ಚಕ್ರಗಳನ್ನು ತಲುಪಿತೆಂದು ಹಿಡಿದರೆ ಹೆಚ್ಚು ತಪ್ಪಾಗದು. ಎಂದರೆ ಲೀಟರೊಂದಕ್ಕೆ ನಮ್ಮ ಕೈಗೆ ನಿಜವಾಗಿ ದಕ್ಕುವುದು ೬೪ ಲಕ್ಷ ಜೌಲ್.

ಈಗ, ಒಳಗೆ ಕುಳಿತವರೂ ಸೇರಿ ೧,೦೦೦ ಕಿಲೋಗ್ರಾಂ ಇರುವ ಒಂದು ಚಿಕ್ಕ ಕಾರನ್ನು ತೆಗೆದುಕೊಳ್ಳೋಣ. ಅದು ಗಂಟೆಗೆ ೩೬ ಕಿಲೋಮೀಟರು, ಅಂದರೆ ಸೆಕೆಂಡಿಗೆ ೧೦ ಮೀಟರು ವೇಗದಲ್ಲಿ ಹೋಗುತ್ತಿರುವಾಗ ಅದರ ಚಲನಶಕ್ತಿ ಎಷ್ಟು? ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಬೇಕು: ೫೦,೦೦೦ ಜೌಲ್. ಅದೇ ಕಾರು ಗಂಟೆಗೆ ೫೪ ಕಿಲೋಮೀಟರು, ಅಂದರೆ ಸೆಕೆಂಡಿಗೆ ೧೫ ಮೀಟರು ವೇಗದಲ್ಲಿ ಹೋದರೆ ೧,೧೨,೫೦೦ ಜೌಲ್. ವೇಗ ಹೆಚ್ಚಿದ್ದು ಒಂದೂವರೆ ಪಟ್ಟು. ಶಕ್ತಿ ಹೆಚ್ಚಿದ್ದು ಎರಡೂಕಾಲು ಪಟ್ಟು. ವೇಗದ ವರ್ಗ ಎಂಬ ಮಾತಿನ ಮಹಿಮೆ ಇದು.

ಬ್ರೇಕನ್ನು ಒತ್ತಿದಾಗ ಈ ಶಕ್ತಿಯೆಲ್ಲ ಬ್ರೇಕಿನ ತಟ್ಟೆಗಳಲ್ಲಿ ಘರ್ಷಣೆಯಿಂದ ಕಾವಾಗಿ ಹಾರಿಹೋಗುವುದು. ೧,೧೨,೫೦೦ ಜೌಲ್ ಎಂದರೆ ಎಷ್ಟು? ಇಡೀ ಕಾರನ್ನು ಹನ್ನೊಂದು ಮೀಟರಿಗೂ ಮೇಲಕ್ಕೆ, ಅಂದರೆ ಮೂರಂತಸ್ತಿನ ಮನೆಯ ತಾರಸಿಯ ಮಟ್ಟಕ್ಕೆ, ಎತ್ತಲು ಬೇಕಾಗುವ ಶಕ್ತಿ. ಜಯನಗರದವರಿಗೆ ಒಪ್ಪುವಂತೆ ಹೇಳುವುದಾದರೆ, ನಾಲ್ಕು ಚಿಕ್ಕ ಲೋಟ ಕಾಫಿಗೆ ಸಾಲುವಷ್ಟು ನೀರನ್ನು ಕುದಿಯ ಸಮೀಪಕ್ಕೆ ತರಲು ಅದು ಸಾಕು. ಪ್ರತಿ ಸಲ ಗಕ್ಕನೆ ನಿಂತಾಗಲೂ ನಾಲ್ಕು ಲೋಟ ಕಾಫಿಯ ನೀರನ್ನು ಕಾಯಿಸಿ ಚೆಲ್ಲಿದಂತೆ! ಅದನ್ನು ಮತ್ತೆ ಗಳಿಸಲು ಬೇಕಾಗುವ ಪೆಟ್ರೋಲು ಸುಮಾರು ೧೭½ ಮಿಲಿಲೀಟರು. ಗಂಟೆಗೆ ೩೬ ಕಿಲೋಮೀಟರಿನಿಂದ ನಿಂತಿದ್ದರೆ ೮ ಮಿಲಿಲೀಟರಿಗೂ ಕಡಿಮೆ.

ನಮ್ಮ ಆರು ಕಿಲೋಮೀಟರಿನ ಹಾದಿಗೆ ಈ ಅಂಕಿಗಳನ್ನು ಅನ್ವಯಿಸೋಣ. ಹತ್ತು ಕಡೆ ನಿಲ್ಲಬೇಕಾಗುವುದೆಂದೂ, ನಿಂತಲ್ಲಿ ಒಟ್ಟು ಹತ್ತು ನಿಮಿಷ ಎಂಜಿನ್ನು ಸುಮ್ಮನೆ ತಿರುಗುವುದೆಂದೂ ಇಟ್ಟುಕೊಳ್ಳೋಣ. ಟೈರುಗಳು ನೆಲದ ಮೇಲೆ ಉರುಳುವಾಗ ಉಂಟಾಗುವ ತಡೆ ಈ ಕಾರಿಗೆ ಸುಮಾರು ೧೩೦ ನ್ಯೂಟನ್. ಇದು ವೇಗವನ್ನು ಹೆಚ್ಚಾಗಿ ಅವಲಂಬಿಸಿಲ್ಲ. ಇದಕ್ಕಾಗಿ ೧೨೨ ಮಿಲಿಲೀಟರು. ಗಾಳಿಯ ತಡೆಯಾದರೋ ವೇಗದ ವರ್ಗಕ್ಕೆ ಅನುಗುಣವಾದದ್ದು. ೩೬ರ ವೇಗದಲ್ಲಿ ೩೬ ಮಿಲಿಲೀಟರು, ೫೪ರ ವೇಗದಲ್ಲಿ ೮೦ ಮಿಲಿಲೀಟರು. (ಬೆಂಗಳೂರು ಸಮುದ್ರಮಟ್ಟದಿಂದ ೯೦೦ ಮೀಟರಿಗೂ ಎತ್ತರದಲ್ಲಿರುವುದರಿಂದ ಇಲ್ಲಿಯ ಗಾಳಿ ಮಂಗಳೂರಿನ ಗಾಳಿಗಿಂತ ತುಸು ತೆಳು, ಆ ಮಟ್ಟಿಗೆ ನಮಗೆ ರಿಯಾಯಿತಿ ದೊರೆತಿದೆ.) ನಿಂತು ತಿರುಗುವ ಎಂಜಿನ್ನಿಗೆ ಸುಮಾರು ೧೦೦ ಮಿಲಿಲೀಟರು. ಬ್ರೇಕಿನಲ್ಲಿ ಕಳೆಯುವುದು ಮೊದಲನೆಯ ವೇಗದಲ್ಲಿ ೭೮, ಎರಡನೆಯದರಲ್ಲಿ ೧೭೬. ಕೂಡಿಸಿದರೆ ಸಮಾಧಾನದ ಚಾಲಕನಿಗೆ ೩೩೬ ಮಿಲಿಲೀಟರು, ಆತುರಗಾರನಿಗೆ ೪೭೮.

ವ್ಯತ್ಯಾಸ ೧೪೨ ಮಿಲಿಲೀಟರು. ಅಲ್ಪವೆಂದು ತೋರಬಹುದು. ಆದರೆ ದಿನಕ್ಕೆ ಎರಡು ಸಲದಂತೆ ವರ್ಷಕ್ಕೆ ೨೫೦ ದಿನ ಓಡಾಡುವವರಿಗೆ ಇದು ೭೧ ಲೀಟರಾಗುವುದು. ಬೆಂಗಳೂರಿನಲ್ಲಿ ಪೆಟ್ರೋಲಿನ ಬೆಲೆ ೨೦೨೧ರಲ್ಲಿ ಲೀಟರಿಗೆ ನೂರು ರೂಪಾಯಿಯನ್ನು ದಾಟಿತೆಂಬುದನ್ನು ನೆನೆದರೆ ಮೊತ್ತ ಏಳು ಸಾವಿರ ರೂಪಾಯಿಯ ಆಸುಪಾಸಿಗೆ ಬಂತು. ಅದರಿಂದ ಉಳಿಯುವ ಕಾಲವೆಷ್ಟು? ಎಲ್ಲಿಯೂ ನಿಲ್ಲದೆ ಒಂದೇ ಸಮನೆ ೫೪ರ ವೇಗದಲ್ಲಿ ಹೋದರೂ ಮೂರು ನಿಮಿಷ, ಇಪ್ಪತ್ತು ಸೆಕೆಂಡು. ಅದನ್ನೂ ಮುಂದಿನ ಕೆಂಪು ದೀಪ ನುಂಗಿಹಾಕುವುದು.

ಇದು ಕಾರಿನ ಮಾತಾಯಿತು. ನಮ್ಮ ಓದುಗರಲ್ಲಿ ಬಹುಮಂದಿ ಕಾಲೇಜಿಗೆ ಸ್ಕೂಟರಿನಲ್ಲಿ ಹೋಗುವವರು. ಸವಾರನೂ ಸೇರಿ ೧೭೦ ಕಿಲೋಗ್ರಾಂ ಎಂದು ಹಿಡಿದು ಅವರೇ ಈ ಲೆಕ್ಕವನ್ನು ಮತ್ತೊಮ್ಮೆ ಮಾಡಲಿ. ೫೪ರ ವೇಗದಿಂದ ಒಂದು ಸಲ ನಿಂತರೆ ೩ ಮಿಲಿಲೀಟರು ಎಂಬ ಉತ್ತರ ಬರಬೇಕು. ಜಯನಗರದ ಒಳರಸ್ತೆಗಳಲ್ಲಿ ಹೆಜ್ಜೆಗೊಂದರಂತೆ ಇರುವ ಉಬ್ಬುಗಳ ನಡುನಡುವೆ ರಭಸವಾಗಿ ನುಗ್ಗಿ, ಪ್ರತಿ ಉಬ್ಬಿನ ಮುಂದೆ ಬ್ರೇಕು ಒತ್ತುವ ತರುಣರು ಈ ಅಂಕಿಯನ್ನು ಉಬ್ಬುಗಳ ಸಂಖ್ಯೆಯಿಂದ ಗುಣಿಸಿ ನೋಡಬಹುದು.

ಆಕ್ಸಿಲರೇಟರಿನ ಮೇಲಣ ಪಾದ

ಹಾಗಾದರೆ ಬ್ರೇಕನ್ನು ಒತ್ತಲೇಬಾರದೆ? ಒತ್ತಬೇಕಾದಲ್ಲಿ ಒತ್ತಲೇಬೇಕು, ಪ್ರಾಣಕ್ಕಿಂತ ಪೆಟ್ರೋಲು ದೊಡ್ಡದಲ್ಲ. ಕೌಶಲವಿರುವುದು ಬೇರೆಡೆ: ದೂರದೃಷ್ಟಿಯಲ್ಲಿ. ನೂರು ನೂರೈವತ್ತು ಮೀಟರು ಮುಂದೆ ಕೆಂಪು ದೀಪ ಕಂಡೊಡನೆ ಪಾದವನ್ನು ಆಕ್ಸಿಲರೇಟರಿನಿಂದ ತೆಗೆದುಬಿಟ್ಟರೆ ಕಾರು ತಾನು ಗಳಿಸಿದ ಚಲನಶಕ್ತಿಯನ್ನೇ ಖರ್ಚುಮಾಡುತ್ತ ಸಾಗುವುದು. ಅದು ದೀಪವನ್ನು ತಲುಪುವ ವೇಳೆಗೆ ಹಸುರು ಬಂದಿರುವುದೂ ಉಂಟು. ಆಗ ಪೂರ್ತಿ ನಿಲ್ಲುವ ಪ್ರಮೇಯವೇ ತಪ್ಪಿತು.

ಇಲ್ಲಿಯೇ ನಾವು ಮೊದಲು ಹೇಳಿದ ತಪ್ಪು ಸಲಹೆಯ ಪ್ರಸಂಗ ಬರುವುದು. ಇಳಿಜಾರಿನಲ್ಲಿ ಗೇರನ್ನು ನ್ಯೂಟ್ರಲ್ಲಿಗೆ ತಂದರೆ ಪೆಟ್ರೋಲು ಉಳಿಯುವುದೆಂದು ಹಳೆಯ ಚಾಲಕರು ಹೇಳುವರು. ಕುಮಾರಸ್ವಾಮಿ ಬಡಾವಣೆಯ ದಿಣ್ಣೆಯಿಂದ ಬನಶಂಕರಿಯ ಕಡೆಗೆ ಹೀಗೆ ಜಾರಿಕೊಂಡು ಬರುವ ಕಾರು, ಆಟೋಗಳನ್ನು ಯಾರು ಕಂಡಿಲ್ಲ? ಕಾರ್ಬ್ಯುರೇಟರಿನ ಕಾಲದಲ್ಲಿ ಈ ಮಾತಿನಲ್ಲಿ ಸ್ವಲ್ಪ ಹುರುಳಿತ್ತು. ಈಗಿನ ಕಾರುಗಳಲ್ಲಿ ಇಂಧನವನ್ನು ಅಳೆದು ಸಿಂಪಡಿಸುವುದು ಒಂದು ಪುಟ್ಟ ಗಣಕ. ೨೦೨೦ನೆಯ ಏಪ್ರಿಲ್ ೧ರಿಂದ ಬಿ.ಎಸ್. ೬ ನಿಯಮ ಜಾರಿಗೆ ಬಂದ ಮೇಲೆ ದ್ವಿಚಕ್ರವಾಹನಗಳಿಗೂ ಈ ಏರ್ಪಾಡು ಬಂದಿದೆ. ವಾಹನ ಗೇರಿನಲ್ಲಿದ್ದು ಆಕ್ಸಿಲರೇಟರನ್ನು ಪೂರ್ತಿ ಬಿಟ್ಟಾಗ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತಿರುವುದರಿಂದ ಕಾರಿನ ಗಣಕವು ಇಂಧನವನ್ನು ಸಂಪೂರ್ಣವಾಗಿ ನಿಲ್ಲಿಸಿಬಿಡುವುದು. ನ್ಯೂಟ್ರಲ್ಲಿನಲ್ಲಿಯಾದರೋ ಚಕ್ರಗಳ ಸಂಬಂಧ ತಪ್ಪಿದ ಎಂಜಿನ್ನು ಆರಿಹೋಗದಿರಲು ಪೆಟ್ರೋಲನ್ನು ಕುಡಿಯುತ್ತಲೇ ಇರಬೇಕು. ಇಳಿಜಾರಿನಲ್ಲಿ ವೇಗ ತಗ್ಗಿಸಬೇಕಾದ ಕಡೆ ಗೇರು ಬಿಡಿಸುವವನು ಉಳಿಸುವುದಿರಲಿ, ಕಳೆಯುತ್ತಿರುವನು. ಜೊತೆಗೆ ಎಂಜಿನ್ನಿನ ಹಿಡಿತವನ್ನೂ ಬಿಟ್ಟುಕೊಟ್ಟಿರುವನು. ಇನ್ನು ಓಡುವ ಕಾರಿನ ಎಂಜಿನ್ನನ್ನೇ ಆರಿಸುವುದಂತೂ ಹುಚ್ಚು ಸಾಹಸ. ಬ್ರೇಕಿಗೆ ಬಲ ಕೊಡುವ ನಿರ್ವಾತದ ಏರ್ಪಾಡು ಆಗ ಸೋತು, ಪೆಡಲು ಕಲ್ಲಿನಂತಾಗುವುದು. ಕೀಲಿಯನ್ನು ಹೊರಕ್ಕೆ ಎಳೆದರೆ ಸ್ಟೀರಿಂಗು ಬೀಗ ಬೀಳಲೂಬಹುದು.

ಗೇರಿನ ವಿಷಯದಲ್ಲಿಯೂ ಒಂದು ರಹಸ್ಯವುಂಟು. ಒಂದೇ ವೇಗದಲ್ಲಿ ಹೋಗುವಾಗ ಎರಡನೆಯ ಗೇರಿಗಿಂತ ನಾಲ್ಕನೆಯ ಗೇರಿನಲ್ಲಿ ಪೆಟ್ರೋಲು ಕಡಿಮೆ ಸಾಕು. ಏಕೆ? ಪೆಟ್ರೋಲು ಎಂಜಿನ್ನಿಗೆ ಗಾಳಿ ಹೋಗುವ ದಾರಿಯಲ್ಲಿ ಒಂದು ಕವಾಟವಿದೆ. ಆಕ್ಸಿಲರೇಟರನ್ನು ಅರೆಬರೆಯಾಗಿ ಒತ್ತಿದಾಗ ಈ ಕವಾಟ ಬಹುಪಾಲು ಮುಚ್ಚಿರುವುದು. ಪಿಸ್ಟನ್ನು ಪ್ರತಿ ಸಲವೂ ಆ ಕಿರಿದಾದ ಸಂದಿಯಿಂದ ಗಾಳಿಯನ್ನು ಎಳೆದುಕೊಳ್ಳಲು ಹೆಣಗಬೇಕು. ತೆಳ್ಳನೆಯ ಹುಲ್ಲುಕಡ್ಡಿಯ ಕೊಳವೆಯಿಂದ ಎಳನೀರು ಹೀರುವವನ ಪಾಡು ಅದರದು. ಕೆಳಗಿನ ಗೇರಿನಲ್ಲಿ ಎಂಜಿನ್ನು ನಿಮಿಷಕ್ಕೆ ಹೆಚ್ಚು ಸುತ್ತು ತಿರುಗುವುದರಿಂದ ಈ ಹೀರುವ ಕೆಲಸವೂ ಒಳಗಿನ ಘರ್ಷಣೆಯೂ ಹೆಚ್ಚು. ಮೇಲಿನ ಗೇರಿನಲ್ಲಿ ಸುತ್ತುಗಳು ಕಡಿಮೆ, ಕವಾಟ ಹೆಚ್ಚು ತೆರೆದಿರುವುದು, ಅದೇ ಕೆಲಸ ಅಗ್ಗವಾಗಿ ನಡೆಯುವುದು. ಆದುದರಿಂದ ಹದವಾದ ಒತ್ತಡದಿಂದ ವೇಗ ಹೆಚ್ಚಿಸಿ, ಬೇಗ ಬೇಗ ಮೇಲಿನ ಗೇರಿಗೆ ಬರುವುದು ಲೇಸು. ಎಂಜಿನ್ನು ಗುದ್ದಾಡುವಂತೆ ಅದುರಿದರೆ ಮಾತ್ರ ಗೇರು ಅತಿಯಾಯಿತೆಂದು ತಿಳಿಯಬೇಕು. ಗೇರಿಲ್ಲದ ಸ್ಕೂಟರಿನವರಿಗೆ ಈ ಆಯ್ಕೆಯಿಲ್ಲ. ಅವರ ಉಳಿತಾಯವೆಲ್ಲ ಮಣಿಕಟ್ಟಿನ ಸಂಯಮದಲ್ಲಿದೆ.

ನಿಂತಾಗ ಎಂಜಿನ್ನನ್ನು ಆರಿಸಬೇಕೆ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಚಿಕ್ಕ ಕಾರು ಸುಮ್ಮನೆ ತಿರುಗುವಾಗ ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರು ಕುಡಿಯುವುದು. ಈಗಿನ ಎಂಜಿನ್ನುಗಳನ್ನು ಮತ್ತೆ ಚಾಲೂ ಮಾಡಲು ತಗಲುವ ಇಂಧನ ಸುಮಾರು ಹತ್ತು ಸೆಕೆಂಡು ಸುಮ್ಮನೆ ತಿರುಗಿದಷ್ಟೇ. ಆದುದರಿಂದ ಅರ್ಧ ನಿಮಿಷಕ್ಕೂ ಹೆಚ್ಚು ಕಾಯಬೇಕೆಂದು ಗೊತ್ತಾದಲ್ಲಿ ಆರಿಸುವುದರಲ್ಲಿ ಅನುಮಾನಪಡಬೇಕಾದ್ದಿಲ್ಲ. ಇದರಲ್ಲಿ ನಮ್ಮ ಜೇಬಿನ ಪ್ರಶ್ನೆಯೊಂದೇ ಅಲ್ಲ. ಕೂಡುರಸ್ತೆಯ ನಡುವೆ ದಿನವಿಡೀ ನಿಂತಿರುವ ಪೊಲೀಸಿನವನೂ, ಅಂಚಿನಲ್ಲಿ ಹೂ ಮಾರುವ ಹೆಂಗಸೂ ಉಸಿರಾಡುವುದು ಆ ಸಾಲಿನ ಹೊಗೆಯನ್ನೇ.

ಹೊಗೆಯ ಮಾತು ಬಂದುದರಿಂದ ಒಂದು ವಿಚಿತ್ರವನ್ನು ಹೇಳಬೇಕು. ಒಂದು ಲೀಟರು ಪೆಟ್ರೋಲಿನ ತೂಕ ಮುಕ್ಕಾಲು ಕಿಲೋಗ್ರಾಂ. ಅದು ಉರಿದು ಹೊರಬರುವ ಇಂಗಾಲದ ಡೈ ಆಕ್ಸೈಡಿನ ತೂಕ ೨.೩ ಕಿಲೋಗ್ರಾಂ! ಎಲ್ಲಿಂದ ಬಂತು ಈ ಹೆಚ್ಚಿನ ತೂಕ? ಇಂಗಾಲದ ಪ್ರತಿ ೧೨ ಪಾಲಿಗೆ ಗಾಳಿಯಿಂದ ೩೨ ಪಾಲು ಆಮ್ಲಜನಕ ಸೇರಿಕೊಳ್ಳುವುದು. ನಮ್ಮ ಆತುರಗಾರನ ವರ್ಷದ ೭೧ ಲೀಟರು ಸುಮಾರು ೧೬೦ ಕಿಲೋಗ್ರಾಂ ಅನಿಲವಾಗಿ ಊರಿನ ಮೇಲೆ ಉಳಿಯುವುದು.

ಟೈರುಗಳಲ್ಲಿ ಗಾಳಿ ಕಡಿಮೆಯಾದರೆ ಅವು ಉರುಳುವಾಗ ಹೆಚ್ಚು ಬಳುಕಿ ತಡೆ ಹೆಚ್ಚುವುದು; ಹದಿನೈದು ದಿನಕ್ಕೊಮ್ಮೆ ಅಳೆಸುವುದು ಒಳ್ಳೆಯದು. ಡಿಕ್ಕಿಯಲ್ಲಿ ಅನಾವಶ್ಯಕ ಭಾರ ಬೇಡ. ಇವು ಎಲ್ಲರೂ ಬಲ್ಲ ಸಂಗತಿಗಳು.

ನಮ್ಮ ದೇಶಕ್ಕೆ ಬೇಕಾಗುವ ಕಚ್ಚಾ ತೈಲದಲ್ಲಿ ನೂರಕ್ಕೆ ಎಂಬತ್ತೈದು ಪಾಲಿಗೂ ಹೆಚ್ಚು ಹೊರಗಿನಿಂದ ಬರುವುದು. ೧೯೭೩ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ತೈಲ ಸರಬರಾಜನ್ನು ತಡೆಹಿಡಿದಾಗ ಕೆಲವೇ ತಿಂಗಳುಗಳಲ್ಲಿ ಬೆಲೆ ನಾಲ್ಕು ಪಟ್ಟಾಯಿತು. ಶ್ರೀಮಂತ ಅಮೆರಿಕವೇ ೧೯೭೪ರಲ್ಲಿ ತನ್ನ ಹೆದ್ದಾರಿಗಳ ವೇಗವನ್ನು ಗಂಟೆಗೆ ೫೫ ಮೈಲಿಗೆ ಇಳಿಸಿತು. ನಮ್ಮಲ್ಲಿ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘ ೧೯೭೮ರಲ್ಲಿ ಹುಟ್ಟಿತು. ಗಂಟೆಗೆ ೪೫ರಿಂದ ೫೫ ಕಿಲೋಮೀಟರಿನ ವೇಗ ಮಿತವ್ಯಯದ್ದೆಂದು ಅದು ಸಾರುತ್ತ ಬಂದಿದೆ. ತೆರವಾದ ರಸ್ತೆಗೆ ಈ ಮಾತು ಸರಿ. ಆದರೆ ಟಾಮ್‌ಟಾಮ್ ಸಂಸ್ಥೆಯ ೨೦೨೨ರ ಎಣಿಕೆಯಂತೆ ಬೆಂಗಳೂರಿನ ನಡುಭಾಗದಲ್ಲಿ ೧೦ ಕಿಲೋಮೀಟರು ಕ್ರಮಿಸಲು ಸರಾಸರಿ ೨೯ ನಿಮಿಷ ಬೇಕಾಯಿತು. ಎಂದರೆ ಗಂಟೆಗೆ ಸುಮಾರು ೨೦ ಕಿಲೋಮೀಟರು. ಇಂಥ ಊರಿನಲ್ಲಿ ‘ಯಾವ ವೇಗ?’ ಎಂಬುದಕ್ಕಿಂತ ‘ಎಷ್ಟು ಸಲ ನಿಂತೆವು?’ ಎಂಬ ಪ್ರಶ್ನೆಯೇ ಮುಖ್ಯವೆಂದು ನಮ್ಮ ಅಭಿಪ್ರಾಯ. ಚಾಲಕನ ಅಭ್ಯಾಸವೊಂದರಿಂದಲೇ ರಸ್ತೆಯ ದಟ್ಟಣೆ ಕರಗದೆಂಬುದನ್ನೂ ಒಪ್ಪಬೇಕು.

ಸಂಶಯವಿರುವವರು ಪರೀಕ್ಷಿಸಿ ನೋಡಬಹುದು. ಟ್ಯಾಂಕನ್ನು ಪೂರ್ತಿ ತುಂಬಿಸಿ, ಮೀಟರಿನ ಅಂಕಿಯನ್ನು ಬರೆದಿಟ್ಟು, ಹದಿನೈದು ದಿನ ಎಂದಿನಂತೆ ಓಡಿಸಿ, ಅದೇ ಬಂಕಿನಲ್ಲಿ ಮತ್ತೆ ಪೂರ್ತಿ ತುಂಬಿಸಬೇಕು. ಮುಂದಿನ ಹದಿನೈದು ದಿನ ಮೇಲೆ ಹೇಳಿದ ಕ್ರಮದಲ್ಲಿ ಓಡಿಸಬೇಕು. ಒಂದು ಸಲದ ಫಲಿತಾಂಶವನ್ನು ನಂಬದೆ ಮೂರು ನಾಲ್ಕು ಸಲ ಅಳೆಯುವುದು ವಿಜ್ಞಾನದ ರೀತಿ. ೧೯೩೯ರಲ್ಲಿ ಅಮೆರಿಕದ ವುಡ್ ರಿವರ್ ಎಂಬಲ್ಲಿ ಷೆಲ್ ಕಂಪನಿಯ ವಿಜ್ಞಾನಿಗಳು ಇಂಥದೇ ಪಂದ್ಯವೊಂದನ್ನು ಕಟ್ಟಿಕೊಂಡರು. ಗೆದ್ದವನು ಆ ಕಾಲದ ಕಾರಿನಲ್ಲಿಯೇ ಲೀಟರಿಗೆ ಸುಮಾರು ೨೧ ಕಿಲೋಮೀಟರು ಓಡಿಸಿದ್ದನು.

ಬ್ರೇಕಿನಲ್ಲಿ ಕಳೆಯುವ ಶಕ್ತಿಯನ್ನು ಹಿಂದಕ್ಕೆ ಪಡೆಯಲು ಸಾಧ್ಯವಿಲ್ಲವೆ? ವಿದ್ಯುತ್ ವಾಹನದಲ್ಲಿ ಸಾಧ್ಯ. ನಿಧಾನಿಸುವಾಗ ಅದರ ಮೋಟಾರೇ ಡೈನಮೋ ಆಗಿ ವಿದ್ಯುತ್ತನ್ನು ಹುಟ್ಟಿಸುವುದು. ೨೦೦೧ರಲ್ಲಿ ಮಾರಾಟಕ್ಕೆ ಬಂದ, ಬೆಂಗಳೂರಿನ ಬೊಮ್ಮಸಂದ್ರದಲ್ಲಿ ತಯಾರಾದ ರೇವಾ ಎಂಬ ಪುಟ್ಟ ಕಾರಿನಲ್ಲಿ ಈ ಏರ್ಪಾಡು ಇತ್ತು. ೨೦೨೫ರ ಆಗಸ್ಟಿನಲ್ಲಿ ಆರ್.ವಿ. ರಸ್ತೆಯಿಂದ ಅದೇ ಬೊಮ್ಮಸಂದ್ರದವರೆಗೆ ಹಳದಿ ಮಾರ್ಗದ ಮೆಟ್ರೋ ಹೊರಟಿತು. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡಿನವರೆಗೆ ಅದು ನಾವು ಲೆಕ್ಕ ಹಾಕಿದ ರಸ್ತೆಯ ನೆತ್ತಿಯ ಮೇಲೆಯೇ ಹೋಗುವುದು. ಬಿ.ಟಿ.ಎಂ. ಬಡಾವಣೆಯ ನಿಲ್ದಾಣದಲ್ಲಿ ನಿಲ್ಲಲಿರುವ ರೈಲು ತನ್ನ ಚಲನಶಕ್ತಿಯ ಒಂದು ಭಾಗವನ್ನು ವಿದ್ಯುತ್ತಾಗಿಸಿ, ೭೫೦ ವೋಲ್ಟಿನ ಮೂರನೆಯ ಹಳಿಗೆ ಒಪ್ಪಿಸುವುದು. ಅಷ್ಟರಲ್ಲಿ ಹೊರಡುತ್ತಿರುವ ಇನ್ನೊಂದು ರೈಲು ಸಮೀಪದಲ್ಲಿದ್ದರೆ ಆ ವಿದ್ಯುತ್ತನ್ನು ಬಳಸಿಕೊಳ್ಳುವುದು. ಕೆಳಗೆ, ಅದೇ ಹೊತ್ತಿನಲ್ಲಿ, ದೀಪದ ಮುಂದೆ ನಿಂತ ಕಾರುಗಳ ಬ್ರೇಕಿನ ತಟ್ಟೆಗಳು ಕಾಯ್ದು ಆರುತ್ತಿರುವುವು.